ಡೈವ್ ವಾಚ್ ಕೊಳ್ಳುವಾಗ ಆಳ ಬಿಡಿ, ನಿಮ್ಮ ಕೈ ನೋಡಿ

ಪ್ರಶ್ನೆ: ನನ್ನ ಊರು ಮಂಗಳೂರು, ಕೆಲಸ ಬೆಂಗಳೂರಿನಲ್ಲಿ. ಮೂರು ವರ್ಷದ ಹಿಂದೆ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಕಲಿತೆ. ಈಗ ವರ್ಷಕ್ಕೆ ಎಂಟು ಹತ್ತು ಸಲ ನೀರಿಗೆ ಇಳಿಯುತ್ತೇನೆ. ಹತ್ತು ಲಕ್ಷದ ಆಸುಪಾಸಿನಲ್ಲಿ ಒಂದು ಒಳ್ಳೆಯ ಡೈವ್ ವಾಚ್ ಕೊಳ್ಳಬೇಕು ಅಂತಿದ್ದೇನೆ. ರೋಲೆಕ್ಸ್ ಸಬ್‌ಮರೀನರ್, ಒಮೆಗಾ ಸೀಮಾಸ್ಟರ್ 300ಎಂ, ಟ್ಯೂಡರ್ ಬ್ಲ್ಯಾಕ್ ಬೇ 58, ಟ್ಯೂಡರ್ ಪೆಲಾಗೋಸ್ 39, ಬ್ಲಾಂಪಾ ಫಿಫ್ಟಿ ಫ್ಯಾದಮ್ಸ್ ಇವಿಷ್ಟನ್ನೂ ಒಂದು ಪಟ್ಟಿಯಲ್ಲಿ ಹಾಕಿ, ಆಳ, ನಿಖರತೆ, ಎಷ್ಟು ಗಂಟೆ ಓಡುತ್ತದೆ ಎಂದೆಲ್ಲ ಹೋಲಿಸಿದೆ. ಎರಡು ತಿಂಗಳಾಯಿತು, ಏನೂ ತೀರ್ಮಾನ ಆಗಿಲ್ಲ. ನನ್ನ ಮಣಿಕಟ್ಟಿನ ಸುತ್ತಳತೆ ಆರೂವರೆ ಇಂಚು. ಇದೊಂದೇ ವಾಚ್ ಸಾಕು, ಮುಂದೆ ಮಗಳಿಗೆ ಕೊಡಬೇಕು ಅನ್ನುವ ಆಸೆ. 200 ಮೀಟರ್ ಸಾಕೇ, 300 ಬೇಕೇ? ಹೀಲಿಯಂ ವಾಲ್ವ್ ಇರಬೇಕೇ? ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ: ನಿಮ್ಮ ಪಟ್ಟಿಯಲ್ಲಿ ಆಳದ ಕಾಲಂ ಇದೆಯಲ್ಲ, ಮೊದಲು ಅದನ್ನು ಹೊಡೆದುಹಾಕಿ. ಎರಡು ತಿಂಗಳಿಂದ ನಿಮ್ಮನ್ನು ಜಾಸ್ತಿ ಕಾಡಿಸಿರುವುದು ಅದೇ. ನಿಮ್ಮ ತೀರ್ಮಾನಕ್ಕೆ ಅದರಿಂದ ಒಂದಿಷ್ಟೂ ಉಪಯೋಗ ಇಲ್ಲ.

ಯಾಕೆ ಅಂತ ಹೇಳುತ್ತೇನೆ. ನೇತ್ರಾಣಿಯಲ್ಲಿ ಮೊದಲ ಹಂತದ ಸರ್ಟಿಫಿಕೇಟ್ ಇರುವವರು ಇಳಿಯುವ ಮಿತಿ 18 ಮೀಟರ್. ಮುಂದಿನ ಕೋರ್ಸ್ ಮುಗಿಸಿ ಅಂಡಮಾನಿಗೆ ಹೋದರೆ 30. ಹವ್ಯಾಸಕ್ಕೆ ಡೈವ್ ಮಾಡುವವರಿಗೆ ತರಬೇತಿ ಸಂಸ್ಥೆಗಳು ಹಾಕಿರುವ ಕೊನೆಯ ಗೆರೆ 40 ಮೀಟರ್. ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಆಳದ ವಾಚ್ ಅಂದರೆ ಟ್ಯೂಡರಿನ ಎರಡು, 200 ಮೀಟರ್. ನೀವು ಜೀವಮಾನದಲ್ಲಿ ಹೋಗಬಹುದಾದ ಆಳದ ಐದು ಪಟ್ಟು ಅದು. ಹಾಗಾಗಿ 200ಕ್ಕೂ 300ಕ್ಕೂ ಇರುವ ವ್ಯತ್ಯಾಸ ನಿಮ್ಮ ಪಾಲಿಗೆ ಬರೀ ಡಯಲ್ ಮೇಲಿನ ಅಕ್ಷರ.

ಇಲ್ಲಿ ಒಂದು ಮಾತು ಎಲ್ಲ ಕಡೆ ಓಡಾಡುತ್ತಿದೆ. "ಈಜುವಾಗ ಕೈ ಬೀಸಿದರೆ ನೀರಿನ ಒತ್ತಡ ಹಲವು ಪಟ್ಟು ಏರುತ್ತದೆ, ಅದಕ್ಕೇ ದೊಡ್ಡ ನಂಬರ್ ಬೇಕು" ಅಂತ. ಲೆಕ್ಕ ಹಾಕಿ ನೋಡಿ. ನೀರಿನಲ್ಲಿ ಕೈಯನ್ನು ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಬೀಸಿದರೂ ಏರುವ ಒತ್ತಡ ಐದು ಮೀಟರ್ ಆಳದ ಒತ್ತಡಕ್ಕೆ ಸಮ. ಅಷ್ಟು ವೇಗದಲ್ಲಿ ನೀರಿನೊಳಗೆ ಯಾರೂ ಕೈ ಬೀಸಲಾರರು. ವಾಚಿಗೆ ನೀರು ಹೋಗುವುದು ಕೈ ಬೀಸಿದ್ದರಿಂದ ಅಲ್ಲ. ನೀರು ತಡೆಯುವ ರಬ್ಬರ್ ಉಂಗುರ ಹಳತಾಗಿರುತ್ತದೆ, ಇಲ್ಲವೇ ಕ್ರೌನ್, ಅಂದರೆ ಟೈಮ್ ಹೊಂದಿಸುವ ಬದಿಯ ತಿರುಗುಗುಂಡಿ, ಸಡಿಲ ಇರುತ್ತದೆ. ಈ ಎರಡೇ ಕಾರಣ ನಾನು ನನ್ನ ಮೇಜಿನ ಮೇಲೆ ಮತ್ತೆ ಮತ್ತೆ ನೋಡಿರುವುದು.

ನಾನು ಮೂವತ್ತು ವರ್ಷದಿಂದ ವಾಚ್ ರಿಪೇರಿ ಮಾಡುತ್ತಿದ್ದೇನೆ. ಕೈ ಪಳಗಿದ್ದು ಎಚ್‌ಎಂಟಿ ಜನತಾ ವಾಚುಗಳ ಮೇಲೆ, ಬೆಳಿಗ್ಗೆ ಎದ್ದು ಕೀ ಕೊಡುವ ಆ ವಾಚುಗಳ ಮೇಲೆ. ಒಮ್ಮೆ ಒಬ್ಬರು ನೇತ್ರಾಣಿಯಿಂದ ಬಂದ ಮರುದಿನವೇ ತಮ್ಮ ಡೈವ್ ವಾಚ್ ತಂದಿದ್ದರು. 300 ಮೀಟರಿನದು, ಕೊಂಡು ಒಂದು ವರ್ಷವೂ ಆಗಿರಲಿಲ್ಲ. ಗಾಜಿನ ಒಳಗೆ ಮಂಜು ಕಟ್ಟಿತ್ತು. ಬಿಚ್ಚಿ ನೋಡಿದರೆ ಮೆಷಿನ್ ಮೇಲೆ ಉಪ್ಪುನೀರು. ಆ ದಿನ ಬೆಳಿಗ್ಗೆ ದೋಣಿ ಹತ್ತುವ ಮುಂಚೆ ಅವರು ಟೈಮ್ ಸರಿ ಮಾಡಿಕೊಂಡಿದ್ದರು. ಕ್ರೌನ್ ಒಳಗೆ ತಳ್ಳಿದ್ದರು, ಆದರೆ ತಿರುಗಿಸಿ ಬಿಗಿ ಮಾಡಿರಲಿಲ್ಲ. 12 ಮೀಟರ್ ಆಳಕ್ಕೇ ಒಳಗೆ ನೀರು. ನನಗೆ ತುಂಬ ಬೇಜಾರಾದ ಕೆಲಸಗಳಲ್ಲಿ ಅದೊಂದು. ತುಕ್ಕು ಹಿಡಿಯುವುದಕ್ಕೆ ಎರಡು ದಿನ ಸಾಕು, ಅವರು ತಕ್ಷಣ ತಂದಿದ್ದಕ್ಕೆ ಅಷ್ಟಾದರೂ ಉಳಿಯಿತು.

ಡೈವ್ ವಾಚ್ ಅಂದರೆ ಏನು ಅನ್ನುವುದಕ್ಕೆ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ, ಐಎಸ್‌ಒ 6425. ಅದರ ಪ್ರಕಾರ ಕನಿಷ್ಠ 100 ಮೀಟರ್ ತಡೆಯಬೇಕು. ಬರೆದಿರುವ ಆಳಕ್ಕಿಂತ ಶೇ. 25ರಷ್ಟು ಹೆಚ್ಚು ಒತ್ತಡದಲ್ಲಿ ಪರೀಕ್ಷೆ ಆಗಬೇಕು, ಅಂದರೆ 200 ಮೀಟರಿನದನ್ನು 250 ಮೀಟರಿನ ಒತ್ತಡಕ್ಕೆ. ಸಾಮಾನ್ಯ ವಾಟರ್ ರೆಸಿಸ್ಟೆಂಟ್ ವಾಚುಗಳಲ್ಲಿ ನಾಲ್ಕಾರು ಸ್ಯಾಂಪಲ್ ತೆಗೆದು ನೋಡಿದರೆ ಮುಗಿಯಿತು. ಇಲ್ಲಿ ಒಂದೊಂದು ವಾಚನ್ನೂ ಪರೀಕ್ಷಿಸಬೇಕು. ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಕಾಣಬೇಕು, ವಾಚ್ ಓಡುತ್ತಿದೆ ಅನ್ನುವುದೂ ಕಾಣಬೇಕು. ಉಪ್ಪುನೀರು, ಹೊಡೆತ, ಅಯಸ್ಕಾಂತ ಎಲ್ಲಕ್ಕೂ ಬೇರೆ ಬೇರೆ ಪರೀಕ್ಷೆ. ಸೀಕೊದಂಥ ಕಂಪನಿಗಳು ಇದನ್ನು ಪಾಸಾದ ವಾಚಿನ ಮೇಲೆ "ಡೈವರ್ಸ್ 200ಎಂ" ಎಂದೇ ಬರೆಯುತ್ತವೆ. ಎಲ್ಲ ಸ್ವಿಸ್ ಕಂಪನಿಗಳೂ ಹಾಗೆ ಬರೆಯುವುದಿಲ್ಲ, ಆದರೆ ಸಬ್‌ಮರೀನರನ್ನು ರೋಲೆಕ್ಸ್ ಕೂಡ ಶೇ. 25 ಹೆಚ್ಚು ಒತ್ತಡಕ್ಕೆ ಹಾಕಿಯೇ ಹೊರಗೆ ಬಿಡುತ್ತದೆ.

ಈಗ ಹೀಲಿಯಂ ವಾಲ್ವ್ ವಿಷಯ. ಸಮುದ್ರದ ತಳದಲ್ಲಿ ತೈಲದ ಪೈಪ್ ಜೋಡಿಸುವಂಥ ಕೆಲಸದವರು ದಿನಗಟ್ಟಲೆ ಒತ್ತಡದ ಕೋಣೆಯಲ್ಲೇ ಊಟ, ನಿದ್ದೆ ಎಲ್ಲ ಮಾಡುತ್ತಾರೆ. ಅಲ್ಲಿ ಅವರು ಉಸಿರಾಡುವುದು ಹೀಲಿಯಂ ಬೆರೆಸಿದ ಗಾಳಿ. ಹೀಲಿಯಂ ಕಣ ತೀರಾ ಸಣ್ಣದು, ರಬ್ಬರ್ ದಾಟಿ ಮೆಲ್ಲಗೆ ವಾಚಿನೊಳಗೆ ಸೇರಿಕೊಳ್ಳುತ್ತದೆ. ಕೋಣೆಯ ಒತ್ತಡ ಇಳಿಸುವಾಗ ಅಷ್ಟು ಬೇಗ ಹೊರಗೆ ಬರಲಾಗದೆ ಗಾಜನ್ನೇ ಎತ್ತಿ ಹಾರಿಸುತ್ತದೆ. ಅದಕ್ಕೇ 1967ರಲ್ಲಿ ರೋಲೆಕ್ಸ್ ಸೀ-ಡ್ವೆಲ್ಲರಿನಂಥ ವಾಚುಗಳಿಗೆ ಆ ಹೀಲಿಯಂ ಹೊರಗೆ ಬಿಡುವ ವಾಲ್ವ್ ಬಂತು. ಅದೊಂದು ಅದ್ಭುತ ಯೋಚನೆ. ಆದರೆ ನೀವು ನೀರಿನೊಳಗೆ ಒಂದು ಗಂಟೆ ಇದ್ದು ದೋಣಿಗೆ ಹತ್ತುವವರು, ನಿಮ್ಮ ಸಿಲಿಂಡರಿನಲ್ಲಿ ಹೀಲಿಯಂ ಇಲ್ಲ. ವಾಲ್ವ್ ಬೇಡ. ಒಮೆಗಾ ಕೊಂಡರೆ ಹತ್ತು ಗಂಟೆಯ ಜಾಗದಲ್ಲಿ ಒಂದು ಎರಡನೇ ಕ್ರೌನ್ ಇರುತ್ತದೆ, ಅದೇ ಆ ವಾಲ್ವ್. ಅದನ್ನು ಬಿಗಿಯಾಗಿಯೇ ಇಟ್ಟುಬಿಡಿ, ಆಟಕ್ಕೂ ತಿರುಗಿಸಬೇಡಿ.

ಆಳವೂ ಬೇಡ, ವಾಲ್ವೂ ಬೇಡ ಅಂದರೆ ಏನನ್ನು ಹೋಲಿಸಬೇಕು? ಇದಕ್ಕೆ ಡೈವ್ ವಾಚ್ ಯಾಕೆ ಹುಟ್ಟಿತು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ಬ್ಲಾಂಪಾ ಕಂಪನಿ ನಡೆಸುತ್ತಿದ್ದ ಜಾನ್-ಜಾಕ್ ಫೀಶ್ಟರ್ ಸ್ವತಃ ಡೈವರ್. ಒಂದು ಸಲ ಫ್ರಾನ್ಸಿನ ದಕ್ಷಿಣ ತೀರದಲ್ಲಿ ನೀರಿನಡಿ ಹೊತ್ತು ಹೋದದ್ದೇ ತಿಳಿಯದೆ ಅವರ ಗಾಳಿ ಮುಗಿದುಹೋಯಿತು. ಹೇಗೋ ಬದುಕಿ ಮೇಲೆ ಬಂದರು. ಅದೇ ಕಾಲಕ್ಕೆ ಫ್ರೆಂಚ್ ಸೇನೆಯ ಡೈವರ್ ದಳ ಕಟ್ಟುತ್ತಿದ್ದ ರೊಬೇರ್ ಮಾಲೂಬಿಯೇ ಮತ್ತು ಕ್ಲೋದ್ ರಿಫೋ ಅವರಿಗೂ ನೀರಿನಡಿ ನಂಬಬಹುದಾದ ಒಂದು ವಾಚ್ ಬೇಕಿತ್ತು. ಹಾಗೆ 1953ರಲ್ಲಿ ಫಿಫ್ಟಿ ಫ್ಯಾದಮ್ಸ್ ಬಂತು. ಐವತ್ತು ಫ್ಯಾದಮ್ ಅಂದರೆ ಸುಮಾರು 91 ಮೀಟರ್, ಆ ಕಾಲದ ಡೈವರಿಗೆ ಅದೇ ಕೊನೆಯ ಆಳ ಅನ್ನುವ ಲೆಕ್ಕ. ರೋಲೆಕ್ಸ್ ಸಬ್‌ಮರೀನರ್ ಕೂಡ ಅದೇ 1953ರ ವಾಚ್, 100 ಮೀಟರಿನದು.

ಹಾಗಾದರೆ ಡೈವ್ ವಾಚಿನ ಜೀವ ಇರುವುದು ಆಳದಲ್ಲಿ ಅಲ್ಲ, ಬೆಜೆಲಿನಲ್ಲಿ. ಅಂದರೆ ಡಯಲ್ ಸುತ್ತ ತಿರುಗುವ ಬಳೆಯಲ್ಲಿ. ಇಳಿಯುವಾಗ ಬೆಜೆಲಿನ ಚುಕ್ಕೆಯನ್ನು ನಿಮಿಷದ ಮುಳ್ಳಿಗೆ ಹೊಂದಿಸಿಬಿಟ್ಟರೆ ಎಷ್ಟು ನಿಮಿಷ ಕಳೆಯಿತು ಅನ್ನುವುದು ಕಣ್ಣಿಗೆ ಬೀಳುತ್ತದೆ. ಇದು ಒಂದೇ ಕಡೆ ತಿರುಗುವುದಕ್ಕೂ ಕಾರಣ ಇದೆ. ಅಕಸ್ಮಾತ್ ಬಂಡೆಗೆ ತಗುಲಿ ತಿರುಗಿದರೆ ಕಳೆದ ಹೊತ್ತು ಇದ್ದದ್ದಕ್ಕಿಂತ ಜಾಸ್ತಿ ತೋರಿಸಬೇಕೇ ಹೊರತು ಕಡಿಮೆ ತೋರಿಸಬಾರದು. ಬೇಗ ಮೇಲೆ ಬಂದರೆ ತೊಂದರೆ ಇಲ್ಲ, ತಡವಾಗಿ ಬಂದರೆ ಜೀವಕ್ಕೇ ಅಪಾಯ. ಇಷ್ಟು ಸರಳ, ಇಷ್ಟು ಗಟ್ಟಿ ಯೋಚನೆ. ಆ ಯೋಚನೆಗೆ ಎಪ್ಪತ್ತು ವರ್ಷ ಆದರೂ ನನಗೆ ಇದರ ಮೇಲಿನ ಪ್ರೀತಿ ಹೋಗಿಲ್ಲ.

ಹಾಗಂತ ವಾಚ್ ನಂಬಿ ಡೈವ್ ಕಂಪ್ಯೂಟರ್ ಬಿಡಬೇಡಿ. ದೇಹದಲ್ಲಿ ಸೇರುವ ಸಾರಜನಕದ ಲೆಕ್ಕ ಯಾವ ರೋಲೆಕ್ಸೂ ಹೇಳುವುದಿಲ್ಲ, ಕಂಪ್ಯೂಟರ್ ಹೇಳುತ್ತದೆ. ಕಂಪ್ಯೂಟರ್ ಕೈಕೊಟ್ಟಾಗ ಹಿಂದೆ ನಿಲ್ಲುವುದು ವಾಚಿನ ಕೆಲಸ. ನಿಮ್ಮ ಹತ್ತಿರ ಸ್ವಂತ ಕಂಪ್ಯೂಟರ್ ಇನ್ನೂ ಇಲ್ಲದಿದ್ದರೆ ಅದಕ್ಕೆ ಮೊದಲು ದುಡ್ಡು ತೆಗೆದಿಡಿ, ವಾಚ್ ಆಮೇಲೆ.

ಅಂಗಡಿಗೆ ಹೋದಾಗ ಮಾಡಬೇಕಾದ ಮೊದಲ ಕೆಲಸ ಹೇಳುತ್ತೇನೆ. ಕೈಯನ್ನು ಸ್ವಲ್ಪ ಒದ್ದೆ ಮಾಡಿಕೊಂಡು ಬೆಜೆಲ್ ತಿರುಗಿಸಿ. ಅಂಗಡಿಯವರು ಒಪ್ಪುತ್ತಾರೆ, ಡೈವ್ ವಾಚ್ ತಾನೇ. ಸಬ್‌ಮರೀನರಿನ ಬೆಜೆಲ್ ಅಂಚಿನ ಹಲ್ಲು ಆಳವಾಗಿವೆ, ಒದ್ದೆ ಬೆರಳಿಗೂ ಹಿಡಿತ ಸಿಗುತ್ತದೆ. 120 ಹೆಜ್ಜೆ, ಒಂದೊಂದೂ ಖಚಿತ. ಸೀಮಾಸ್ಟರಿನ ಬೆಜೆಲ್ ಅಲೆಯಂತೆ ಏರಿಳಿತದ ಅಂಚಿನದು. ನೋಡಲು ಚೆಂದ. ಆದರೆ ಒದ್ದೆ ಕೈಗೆ ಜಾರುತ್ತದೆ. ಇದು ಆ ವಾಚಿನ ನಿಜವಾದ ಕೊರತೆ, ನಾನು ಮುಚ್ಚಿಡುವುದಿಲ್ಲ. ಅದರದ್ದೇ ಒಂದು ಒಳ್ಳೆಯ ಗುಣವೂ ಇದೆ. ಕತ್ತಲಲ್ಲಿ ನಿಮಿಷದ ಮುಳ್ಳು ಮತ್ತು ಬೆಜೆಲಿನ ಚುಕ್ಕೆ ಹಸಿರಾಗಿ ಹೊಳೆಯುತ್ತವೆ, ಉಳಿದದ್ದೆಲ್ಲ ನೀಲಿ. ಡೈವ್ ಮಾಡುವಾಗ ಬೇಕಾದ ಎರಡೇ ವಸ್ತು ಒಂದೇ ಬಣ್ಣದಲ್ಲಿ. ಯಾರೋ ನೀರಿಗೆ ಇಳಿದು ಯೋಚಿಸಿ ಮಾಡಿದ ಕೆಲಸ ಅದು.

ಬೆಜೆಲ್ ಮೇಲಿನ ಪಟ್ಟಿ ಯಾವುದರಿಂದ ಮಾಡಿದ್ದು ಅಂತಲೂ ಕೇಳಿ. ರೋಲೆಕ್ಸ್, ಒಮೆಗಾ, ಪೆಲಾಗೋಸ್ ಮೂರರಲ್ಲೂ ಸೆರಾಮಿಕ್. ಗೀರು ಬೀಳುವುದಿಲ್ಲ, ಬಿಸಿಲಿಗೆ ಬಣ್ಣ ಮಾಸುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ನೆಲ ಗ್ರಾನೈಟ್, ಇಲ್ಲವೇ ಟೈಲ್ಸ್. ಬಿದ್ದರೆ ಸೆರಾಮಿಕ್ ಒಡೆಯಬಹುದು, ಒಡೆದರೆ ಇಡೀ ಪಟ್ಟಿ ಬದಲಿಸಬೇಕು. ಬ್ಲ್ಯಾಕ್ ಬೇ 58ರಲ್ಲಿ ಇರುವುದು ಅಲ್ಯೂಮಿನಿಯಂ. ಗೀರು ಬೀಳುತ್ತದೆ, ವರ್ಷ ಹೋದ ಹಾಗೆ ಬಣ್ಣ ತಿಳಿಯಾಗುತ್ತದೆ. ಹಾಗೆ ಹಳೆಯದಾಗುವುದು ಕೆಲವರಿಗೆ ಇಷ್ಟ. ನಿಮಗೆ ಇಷ್ಟವೋ ಇಲ್ಲವೋ ಅದು ನಿಮಗೇ ಗೊತ್ತು.

ಎರಡನೆಯದು ಅಳತೆ. ಆರೂವರೆ ಇಂಚಿನ ಕೈ ಅಂದಿರಿ. ಎಲ್ಲರೂ ಕೇಸಿನ ಅಗಲ ಮಾತ್ರ ನೋಡುತ್ತಾರೆ. ಅದಕ್ಕಿಂತ ಮುಖ್ಯ ಚೈನ್ ಸೇರುವ ಮೇಲಿನ ಕೊಂಬಿನಿಂದ ಕೆಳಗಿನ ಕೊಂಬಿನವರೆಗಿನ ಉದ್ದ, ಆಮೇಲೆ ದಪ್ಪ. ಕೊಂಬುಗಳು ಮಣಿಕಟ್ಟಿನ ಚಪ್ಪಟೆ ಭಾಗ ದಾಟಿ ಹೊರಗೆ ಚಾಚಿದರೆ ಆ ವಾಚ್ ನಿಮಗೆ ದೊಡ್ಡದು. ಆರೂವರೆ ಇಂಚಿನ ಕೈಗೆ ಸುಮಾರು 48 ಮಿ.ಮೀ. ಉದ್ದ ಸರಿಹೋಗುತ್ತದೆ. ಬ್ಲ್ಯಾಕ್ ಬೇ 58 ಮತ್ತು ಪೆಲಾಗೋಸ್ 39 ಎರಡೂ 39 ಮಿ.ಮೀ. ಅಗಲ, ದಪ್ಪ ಹನ್ನೆರಡರ ಒಳಗೆ. ಅಂಗಿಯ ಕಫ್ ಕೆಳಗೆ ಸಲೀಸಾಗಿ ಹೋಗುತ್ತವೆ. ಸಬ್‌ಮರೀನರ್ 2020ರಲ್ಲಿ 41ಕ್ಕೆ ಏರಿತು, ಆದರೆ ಕೊಂಬು ಸಪೂರ ಮಾಡಿದ್ದರಿಂದ ಕೈಯಲ್ಲಿ ಅಷ್ಟು ದೊಡ್ಡದು ಅನಿಸುವುದಿಲ್ಲ. ಸೀಮಾಸ್ಟರ್ 42, ದಪ್ಪ ಹದಿಮೂರೂವರೆ ದಾಟುತ್ತದೆ, ಅದರ ಚೈನ್ ಲಾಕಿನ ಕಡೆಗೆ ಅಷ್ಟಾಗಿ ಸಪೂರ ಆಗುವುದಿಲ್ಲ. ನಿಮ್ಮ ಕೈಗೆ ಭಾರ ಅನಿಸಬಹುದು. ಫಿಫ್ಟಿ ಫ್ಯಾದಮ್ಸ್ ಬಹಳ ವರ್ಷ 45 ಮಿ.ಮೀ.ನಲ್ಲೇ ಇತ್ತು, ಈಚೆಗೆ 42ರದ್ದೂ ಬಂದಿದೆ. ಅದರ ಮೆಷಿನ್ ಒಮ್ಮೆ ತುಂಬಿದರೆ ಐದು ದಿನ ಓಡುತ್ತದೆ, ಕೆಲಸದ ಅಚ್ಚುಕಟ್ಟು ನಿಮ್ಮ ಪಟ್ಟಿಯಲ್ಲೇ ಎಲ್ಲಕ್ಕಿಂತ ಮೇಲು. ಡೈವ್ ವಾಚುಗಳ ಮನೆತನಕ್ಕೆ ಹಿರಿಯಣ್ಣ ಅದು. ಆದರೆ ಬೆಲೆ ನಿಮ್ಮ ಲೆಕ್ಕ ದಾಟುತ್ತದೆ, 45ರದ್ದು ನಿಮ್ಮ ಕೈಯನ್ನೂ ದಾಟುತ್ತದೆ. ಪಟ್ಟಿಯಿಂದ ತೆಗೆಯಿರಿ.

ಮೂರನೆಯದು ಲಾಕ್. ಇದನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಆದರೆ ದಿನವೂ ವಾಚ್ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ ಅನ್ನುತ್ತೇನೆ. ನೀವು ಮಂಗಳೂರಿನವರು, ನಿಮಗೆ ವಿವರಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ಮಧ್ಯಾಹ್ನ ಊರಲ್ಲಿ ಬಸ್ಸಿನಿಂದ ಇಳಿದರೆ ಅರ್ಧ ಗಂಟೆಯಲ್ಲಿ ಮಣಿಕಟ್ಟು ಊದಿಕೊಳ್ಳುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಅದೇ ಚೈನ್ ಸಡಿಲ ಆಗಿ ಕೈ ಸುತ್ತ ತಿರುಗುತ್ತದೆ. ನೀರಿಗೆ ಇಳಿಯುವಾಗ ವೆಟ್‌ಸೂಟ್ ತೋಳಿನ ಮೇಲೆ ಕಟ್ಟಬೇಕು. ಇದಕ್ಕೆಲ್ಲ ಕೊಂಡಿ ತೆಗೆಯದೆ, ಸಲಕರಣೆ ಇಲ್ಲದೆ ಚೈನ್ ಉದ್ದ ಹೊಂದಿಸುವ ಲಾಕ್ ಬೇಕು.

ಸಬ್‌ಮರೀನರಿನ ಗ್ಲೈಡ್‌ಲಾಕ್ ಇದರಲ್ಲಿ ಬಹಳ ಮುಂದೆ. ಎರಡೆರಡು ಮಿ.ಮೀ. ಹೆಜ್ಜೆಯಲ್ಲಿ ಸುಮಾರು 20 ಮಿ.ಮೀ. ಉದ್ದ ಸಿಗುತ್ತದೆ. ಎಷ್ಟೋ ಲಾಕುಗಳನ್ನು ಬಿಚ್ಚಿ ಜೋಡಿಸಿದ್ದೇನೆ, ಇಷ್ಟು ವರ್ಷ ಬಳಸಿದರೂ ಆಟ ಬಾರದ ಲಾಕ್ ಇದಕ್ಕಿಂತ ಬೇರೆ ಕಂಡಿಲ್ಲ. ಪೆಲಾಗೋಸ್ 39ರ ಟಿ-ಫಿಟ್ ಐದು ಹೆಜ್ಜೆಯಲ್ಲಿ 8 ಮಿ.ಮೀ. ಕೊಡುತ್ತದೆ. ದಿನದ ಬಳಕೆಗೆ ಅದು ಸಾಕು. ಸೀಮಾಸ್ಟರಿನಲ್ಲೂ ಗುಂಡಿ ಒತ್ತಿ ಎಳೆಯುವ ಏರ್ಪಾಡಿದೆ, ಮೇಲೆ ವೆಟ್‌ಸೂಟಿಗೆ ಒಂದು ಹೆಚ್ಚುವರಿ ಮಡಿಕೆ. ಬ್ಲ್ಯಾಕ್ ಬೇ 58 ಮಾತ್ರ ಯಾವ ವರ್ಷದ್ದು ಅಂತ ನೋಡಿ ತೆಗೆದುಕೊಳ್ಳಿ. 2018ರಲ್ಲಿ ಬಂದ ಮೊದಲ ವಾಚುಗಳಲ್ಲಿ ಈ ಸೌಕರ್ಯ ಇರಲಿಲ್ಲ, ಪಿನ್ ಹಾಕಿ ತೂತು ಬದಲಿಸಬೇಕಿತ್ತು.

ಬೆವರಿನ ಮಾತು ಬಂತಲ್ಲ, ಲೋಹದ ಬಗ್ಗೆಯೂ ಹೇಳಿಬಿಡುತ್ತೇನೆ. ರೋಲೆಕ್ಸ್ ಬಳಸುವುದು 904ಎಲ್ ಜಾತಿಯ ಸ್ಟೀಲ್. ಬಹುಪಾಲು ಸ್ವಿಸ್ ವಾಚುಗಳು 316ಎಲ್. 904ಎಲ್ ತುಕ್ಕಿಗೆ ಇನ್ನೂ ಗಟ್ಟಿ ಅನ್ನುವುದು ನಿಜ. ಆದರೆ 316ಎಲ್ ಕೂಡ ಸಿಹಿನೀರಿನಲ್ಲಿ ತೊಳೆದರೆ ಒಂದು ತಲೆಮಾರು ಏನೂ ಆಗದೆ ಬಾಳುತ್ತದೆ. ಹಾಳಾಗುವುದು ಎಲ್ಲಿ ಗೊತ್ತಾ? ಹಿಂಬದಿ ಮುಚ್ಚಳದ ತಿರುಪಿನ ಅಂಚಿನಲ್ಲಿ, ಚೈನಿನ ಸಂದಿಯಲ್ಲಿ. ಉಪ್ಪು, ಬೆವರು, ಪೌಡರು, ಸೋಪು ಎಲ್ಲ ಸೇರಿ ಅಲ್ಲಿ ಗಟ್ಟಿ ಕೊಳೆ ಕಟ್ಟುತ್ತದೆ. ಗಾಳಿ ಆಡದ ಆ ಸಂದಿಯಲ್ಲೇ ಲೋಹ ತಿಂದುಹೋಗುತ್ತದೆ. ಕರಾವಳಿಯಿಂದ ಬರುವ ವಾಚುಗಳಲ್ಲಿ ನಾನು ಇದನ್ನು ಜಾಸ್ತಿ ನೋಡಿದ್ದೇನೆ. ಪೆಲಾಗೋಸ್ ಟೈಟಾನಿಯಂನದು. ಸಮುದ್ರದ ನೀರು ಅದಕ್ಕೆ ಏನೂ ಮಾಡುವುದಿಲ್ಲ, ಸ್ಟೀಲಿಗಿಂತ ಎಷ್ಟೋ ಹಗುರ. ಗೀರು ಮಾತ್ರ ಬೇಗ ಕಾಣುತ್ತದೆ.

ನಿಖರತೆಯ ಕಾಲಂ ನೋಡಿ ನೀವು ಬಹಳ ತಲೆ ಕೆಡಿಸಿಕೊಂಡಿದ್ದೀರಿ ಅನಿಸುತ್ತದೆ. ರೋಲೆಕ್ಸ್ ದಿನಕ್ಕೆ ಎರಡು ಸೆಕೆಂಡ್ ಹಿಂದೆ ಮುಂದೆ ಅನ್ನುತ್ತದೆ. ಒಮೆಗಾ ಸೊನ್ನೆಯಿಂದ ಐದು ಸೆಕೆಂಡ್ ಮುಂದೆ. ಈ ವ್ಯತ್ಯಾಸ ನಿಮಗೆ ಬದುಕಿನಲ್ಲಿ ಗೊತ್ತೇ ಆಗುವುದಿಲ್ಲ. ಒಮೆಗಾದ ದೊಡ್ಡ ಬಲ ಬೇರೆ ಕಡೆ ಇದೆ, ಅದು 15,000 ಗಾಸ್‌ವರೆಗಿನ ಅಯಸ್ಕಾಂತ ತಡೆಯುತ್ತದೆ. ಲ್ಯಾಪ್‌ಟಾಪ್ ಸ್ಪೀಕರ್, ಟ್ಯಾಬ್ ಕವರಿನ ಅಯಸ್ಕಾಂತ, ಫೋನಿನ ಹಿಂದಿನ ಅಯಸ್ಕಾಂತದ ಚಾರ್ಜರ್ ಇವುಗಳ ನಡುವೆಯೇ ನಿಮ್ಮ ಕೈ ದಿನವಿಡೀ ಇರುತ್ತದೆ. "ವಾಚ್ ಇದ್ದಕ್ಕಿದ್ದಂತೆ ಮುಂದೆ ಓಡುತ್ತಿದೆ" ಅಂತ ಬರುವವರ ವಾಚಿನ ಸ್ಪ್ರಿಂಗ್ ಹಲವು ಸಲ ಅಯಸ್ಕಾಂತ ಹಿಡಿದಿರುತ್ತದೆ. ತೆಗೆಯುವುದಕ್ಕೆ ಒಂದು ನಿಮಿಷದ ಕೆಲಸ. ಹಾಗಾಗಿ ಒಳ್ಳೆಯ ಗುಣ ಹೌದು, ಆದರೆ ಇದೊಂದನ್ನೇ ನೋಡಿ ಕೊಳ್ಳುವಂಥದ್ದಲ್ಲ. ಓಡುವ ಗಂಟೆಯೂ ಹಾಗೇ. ರೋಲೆಕ್ಸ್, ಟ್ಯೂಡರ್ ಸುಮಾರು 70 ಗಂಟೆ, ಸೀಮಾಸ್ಟರ್ 55. ನಿಮ್ಮದು ಒಂದೇ ವಾಚ್, ದಿನವೂ ಕೈಯಲ್ಲೇ ಇರುತ್ತದೆ. ಯಾವುದೂ ನಿಲ್ಲುವುದಿಲ್ಲ.

ಕೊಳ್ಳುವ ದಾರಿ ಬಗ್ಗೆ ಸ್ವಲ್ಪ ಜಾಗ್ರತೆ ಬೇಕು. ಸಬ್‌ಮರೀನರ್ ಅಧಿಕೃತ ಅಂಗಡಿಗೆ ಹೋದ ದಿನವೇ ಸಿಗುವುದು ಕಷ್ಟ, ಹೆಸರು ಬರೆಸಿ ಕಾಯಬೇಕಾಗುತ್ತದೆ. ಆಗ ಯಾರೋ "ನನ್ನ ಹತ್ತಿರ ಇದೆ, ಎರಡು ಲಕ್ಷ ಜಾಸ್ತಿ ಕೊಡಿ" ಅನ್ನುತ್ತಾರೆ. ಕೊಡಬೇಡಿ. ಆ ಎರಡು ಲಕ್ಷ ವಾಚಿನ ಒಳಗೆ ಎಲ್ಲೂ ಇಲ್ಲ. ಮೇಲೆ ಖೋಟಾ ಭಯ ಬೇರೆ. ಈಗಿನ ಖೋಟಾ ಸಬ್‌ಮರೀನರುಗಳನ್ನು ಹಿಂಬದಿ ಬಿಚ್ಚದೆ ಗುರುತು ಹಿಡಿಯಲು ನನಗೂ ಹೊತ್ತು ಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಬಿಲ್, ವಾರಂಟಿ ಕಾರ್ಡ್, ಸೀರಿಯಲ್ ನಂಬರ್ ಮೂರೂ ತಾಳೆ ಆಗಬೇಕು. ಈ ಕಾಲದ ರೋಲೆಕ್ಸಿನಲ್ಲಿ ಆ ನಂಬರ್ ಗಾಜಿನ ಒಳಗಿನ ಉಂಗುರದ ಮೇಲೇ ಕೆತ್ತಿರುತ್ತದೆ. ದುಡ್ಡು ಕೊಡುವ ಮುಂಚೆ ಸರ್ವಿಸ್ ಸೆಂಟರಿನಲ್ಲಿ ಬಿಚ್ಚಿಸಿ ನೋಡಲು ಮಾರುವವರು ಒಪ್ಪಬೇಕು. ಒಪ್ಪದಿದ್ದರೆ ಎದ್ದು ಬನ್ನಿ.

ತೆರಿಗೆಯ ಲೆಕ್ಕವೂ ತಿಳಿದಿರಲಿ. ಎರಡು ಲಕ್ಷ ದಾಟಿದ ಖರೀದಿಗೆ ಪ್ಯಾನ್ ಕೊಡಬೇಕು, ಅಷ್ಟು ಮೊತ್ತವನ್ನು ನಗದಾಗಿ ಕೊಡುವಂತಿಲ್ಲ. 2025ರ ಏಪ್ರಿಲ್ 22ರಿಂದ ಹತ್ತು ಲಕ್ಷ ದಾಟಿದ ವಾಚಿಗೆ ಅಂಗಡಿಯವರು ಶೇ. 1 ಟಿಸಿಎಸ್ (ಮಾರುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುವ ನಿಯಮ ಬಂತು. ಅದನ್ನು ರಿಟರ್ನ್ ಹಾಕುವಾಗ ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಸ್ವಿಟ್ಜರ್ಲೆಂಡ್ ಇರುವ ಇಎಫ್‌ಟಿಎ ಗುಂಪಿನೊಡನೆ ಭಾರತದ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ, ಸ್ವಿಸ್ ವಾಚಿನ ಆಮದು ಸುಂಕ ಏಳು ವರ್ಷಗಳಲ್ಲಿ ಹಂತ ಹಂತವಾಗಿ ಇಳಿಯಬೇಕು. ಆದರೆ ಕಂಪನಿಗಳು ಮೂಲ ಬೆಲೆಯನ್ನೇ ಏರಿಸುತ್ತಾ ಹೋಗುತ್ತವೆ. ಇದಕ್ಕಾಗಿ ಸುಮ್ನೆ ಕಾಯುತ್ತಾ ಕೂರಬೇಡಿ. ದುಬೈನಿಂದ ಯಾರಾದರೂ ಕೈಗೆ ಕಟ್ಟಿಕೊಂಡು ಬಂದು ಕೊಡುತ್ತೇನೆ ಅಂದರೂ ಬೇಡ. ಸುಂಕ ಕಟ್ಟದೆ ತಂದರೆ ವಿಮಾನ ನಿಲ್ದಾಣದಲ್ಲೇ ವಾಚ್ ಜಪ್ತಿ ಆಗಬಹುದು. ಮಗಳಿಗೆ ಕೊಡಬೇಕಾದ ವಸ್ತುವಿಗೆ ಸರಿಯಾದ ಬಿಲ್ ಇರಲಿ.

ಇನ್ನು ಖರ್ಚು. ವಾಚ್ ಕೊಂಡ ದಿನಕ್ಕೆ ಖರ್ಚು ಮುಗಿಯುವುದಿಲ್ಲ. ರೋಲೆಕ್ಸ್ ಸುಮಾರು ಹತ್ತು ವರ್ಷಕ್ಕೊಮ್ಮೆ, ಒಮೆಗಾ ಐದರಿಂದ ಎಂಟು ವರ್ಷಕ್ಕೊಮ್ಮೆ ಪೂರ್ತಿ ಸರ್ವಿಸ್ ಮಾಡಿಸಿ ಅನ್ನುತ್ತವೆ. ಆದರೆ ಸಮುದ್ರಕ್ಕೆ ಇಳಿಯುವ ವಾಚಿಗೆ ಬೇರೆ ಲೆಕ್ಕ. ಪ್ರತಿ ವರ್ಷ ಒತ್ತಡ ಪರೀಕ್ಷೆ ಮಾಡಿಸಿ. ಬಿಚ್ಚುವ ಅಗತ್ಯ ಇಲ್ಲ, ಅರ್ಧ ಗಂಟೆಯೊಳಗಿನ ಕೆಲಸ, ಖರ್ಚು ಸಣ್ಣದು. ವಾಚನ್ನು ಬೆಚ್ಚಗೆ ಮಾಡಿ ಗಾಜಿನ ಮೇಲೆ ತಣ್ಣೀರಿನ ಒಂದು ಹನಿ ಇಟ್ಟು ನೋಡುವ ಹಳೆಯ ವಿಧಾನವೂ ಇದೆ. ಒಳಗೆ ತೇವ ಇದ್ದರೆ ಹನಿಯ ಅಡಿಯಲ್ಲಿ ಮಂಜು ಕಾಣುತ್ತದೆ. ನಾನು ಈಗಲೂ ಮೆಷಿನ್ ಪರೀಕ್ಷೆ ಆದ ಮೇಲೆ ಹನಿ ಇಟ್ಟು ನೋಡದೆ ವಾಚ್ ಕೊಡುವುದಿಲ್ಲ.

ಈಗ ನನ್ನ ತೀರ್ಮಾನ. ನಿಮ್ಮ ಜಾಗದಲ್ಲಿ ನಾನಿದ್ದರೆ ಪೆಲಾಗೋಸ್ 39 ಕೊಳ್ಳುತ್ತೇನೆ. ನಿಮ್ಮ ಕೈಗೆ ಸರಿಯಾದ ಅಳತೆ, ಬೆವರಿಗೂ ಉಪ್ಪಿಗೂ ಹೆದರದ ಟೈಟಾನಿಯಂ, ಬಿಸಿಲಿಗೂ ಚಳಿಗೂ ಹೊಂದುವ ಲಾಕ್, ಬೇಡದ ವಾಲ್ವ್ ಇಲ್ಲ. ಬೆಲೆ ಸಬ್‌ಮರೀನರಿಗಿಂತ ಎಷ್ಟೋ ಕೆಳಗೆ. ಉಳಿಯುವ ದುಡ್ಡಿನಲ್ಲಿ ಒಳ್ಳೆಯ ಡೈವ್ ಕಂಪ್ಯೂಟರ್ ಬರುತ್ತದೆ, ಅಂಡಮಾನಿಗೆ ಮನೆಮಂದಿಯೆಲ್ಲ ಹೋಗಿ ಬರಬಹುದು, ಮುಂದಿನ ಎರಡು ಸರ್ವಿಸಿನ ಹಣವೂ ಉಳಿಯುತ್ತದೆ. ಮುಖ್ಯವಾಗಿ, ಅದನ್ನು ಕಟ್ಟಿಕೊಂಡು ಬಂಡೆಗಳ ನಡುವೆ ಈಜಲು ನಿಮಗೆ ಎದೆ ಹೊಡೆದುಕೊಳ್ಳುವುದಿಲ್ಲ. ನೀರಿಗೆ ಇಳಿಸಲು ಹೆದರಿಕೆ ಆಗುವ ಡೈವ್ ವಾಚ್ ಲಾಕರಿನಲ್ಲೇ ಉಳಿದುಬಿಡುತ್ತದೆ. ಅಂಥ ಎಷ್ಟೋ ವಾಚುಗಳು ನನ್ನ ಹತ್ತಿರ ಬರುತ್ತವೆ. ಒಂದು ಗೀರೂ ಇರುವುದಿಲ್ಲ, ಒಳಗೆ ಎಣ್ಣೆ ಒಣಗಿರುತ್ತದೆ.

ಮದುವೆ ಮನೆಗೂ ಆಫೀಸಿಗೂ ಒಂದೇ ವಾಚ್, ಬೂದು ಬಣ್ಣದ ಟೈಟಾನಿಯಂ ಮನಸ್ಸಿಗೆ ಹಿಡಿಸುವುದಿಲ್ಲ ಅಂದರೆ ಆಗ ಸಬ್‌ಮರೀನರ್, ತಾರೀಖು ಇಲ್ಲದ್ದು. ಅಧಿಕೃತ ಅಂಗಡಿಯಲ್ಲಿ, ಬರೆದ ಬೆಲೆಗೆ, ಎಷ್ಟು ದಿನವಾದರೂ ಕಾದು. ಸೀಮಾಸ್ಟರ್ ಬಗ್ಗೆ ನನಗೆ ಗೌರವ ಇದೆ, ಏಳು ಇಂಚಿನ ಕೈಯವರಿಗೆ ಸಂತೋಷದಿಂದ ಹೇಳುತ್ತೇನೆ. ನಿಮ್ಮ ಕೈಗೆ ಹೇಳಲಾರೆ. ಆದರೂ ಒಮ್ಮೆ ಕಟ್ಟಿ ನೋಡಿ. ಪೆಲಾಗೋಸ್ ಕೂಡ ಕಟ್ಟಿ ನೋಡದೆ ಕೊಳ್ಳಬೇಡಿ. ಕನ್ನಡಿ ಮುಂದೆ ಎರಡು ನಿಮಿಷ ಅಲ್ಲ, ಅಂಗಡಿಯಲ್ಲೇ ಅರ್ಧ ಗಂಟೆ ಕಟ್ಟಿಕೊಂಡು ಕೂತಿರಿ. ಕೈ ಮಡಿಸಿ, ಕೀಬೋರ್ಡ್ ಮೇಲೆ ಇಟ್ಟ ಹಾಗೆ ಇಡಿ. ಕ್ರೌನ್ ಕೈ ಹಿಂಬದಿಗೆ ಒತ್ತಿದರೆ ಆಗಲೇ ಗೊತ್ತಾಗುತ್ತದೆ.

ಸಾಧ್ಯವಾದರೆ ಮಗಳನ್ನೂ ಕರೆದುಕೊಂಡು ಹೋಗಿ. ಅವಳ ಕೈಗೂ ಕಟ್ಟಿ ನೋಡಿ. 39 ಮಿ.ಮೀ. ವಾಚ್ ದೊಡ್ಡವಳಾದ ಮೇಲೆ ಅವಳ ಕೈಗೂ ಕೂರುತ್ತದೆ, 45ರದ್ದು ಹಾಗಲ್ಲ.

ಕೊಂಡ ಮೇಲೆ ಇಷ್ಟು ಪಾಲಿಸಿ. ಟೈಮ್ ಹೊಂದಿಸಿದ ಮೇಲೆ ಕ್ರೌನ್ ಒತ್ತಿ, ಮೊದಲು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ತಿರುಪು ಕೂತದ್ದು ಬೆರಳಿಗೆ ಗೊತ್ತಾದ ಮೇಲೆ ಮುಂದಕ್ಕೆ ಬಿಗಿ ಮಾಡಿ. ಬಲ ಹಾಕಬೇಡಿ, ತಿರುಪು ತಪ್ಪಿ ಹತ್ತಿದರೆ ಕ್ರೌನ್ ಕೆಟ್ಟಿತು. ಟೈಮ್ ಹೊಂದಿಸುವುದನ್ನು ಹಿಂದಿನ ರಾತ್ರಿ ಮನೆಯಲ್ಲೇ ಮುಗಿಸಿ, ದೋಣಿಯಲ್ಲಿ ಬೇಡ. ನೀರಿನೊಳಗೆ ಕ್ರೌನ್ ಮುಟ್ಟಲೇಬೇಡಿ. ಬಿಸಿನೀರಿನ ಸ್ನಾನಕ್ಕೆ ವಾಚ್ ಬಿಚ್ಚಿಡಿ, ಬಿಸಿಗೂ ಸೋಪಿಗೂ ರಬ್ಬರ್ ಬೇಗ ಸೋಲುತ್ತದೆ. ಮುರುಡೇಶ್ವರದ ದಡಕ್ಕೆ ಬಂದ ಕೂಡಲೇ ಒಂದು ಬಕೆಟ್ ಸಿಹಿನೀರಿನಲ್ಲಿ ವಾಚ್ ಮುಳುಗಿಸಿ, ಬೆಜೆಲನ್ನು ನಾಲ್ಕು ಸುತ್ತು ತಿರುಗಿಸಿ, ಅಡಿಯ ಉಪ್ಪು ಹೊರಗೆ ಹೋಗಲಿ. ಮಳೆಗಾಲದಲ್ಲಿ ನೇತ್ರಾಣಿ ಡೈವ್ ಹೇಗೂ ನಿಂತಿರುತ್ತದೆ. ಆ ನಾಲ್ಕು ತಿಂಗಳಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಒತ್ತಡ ಪರೀಕ್ಷೆ ಮಾಡಿಸಿಬಿಡಿ. ಅಕ್ಟೋಬರಿನ ಮೊದಲ ದೋಣಿಗೆ ವಾಚೂ ಸಿದ್ಧ ಇರುತ್ತದೆ.